ಗುಡುಗವ್ವನ ಗುಡುಗುಡು ಎಲ್ಲಿ ಹೋಯಿತು?

ಹತ್ತಿರ ಬನ್ನಿ. ಇನ್ನೂ ಹತ್ತಿರ. ಕೌದಿ ಎಳಕೊಳ್ಳಿ. ಕಾಲು ಒಳಗೆ ಹಾಕಿ. ಇದು ಚಳಿಯ ಕಥೆ. ಕಾಲು ಹೊರಗಿಟ್ಟು ಕೇಳಿದರೆ ನೆಗಡಿ ಬರುತ್ತೆ.

ಬೀದರಿನ ಕಡೆ ಒಂದು ಊರು. ಊರ ಹೆಸರು ಕಡ್ಲೆವಾಡಿ. ಕಡ್ಲೆವಾಡಿಯಲ್ಲಿ ಒಂದು ಲಾರಿ. ಹಳೇ ಲಾರಿ. ಡೀಸೆಲ್ ಲಾರಿ. ನಿಮ್ಮ ಅಜ್ಜನ ಕಾಲದ ಲಾರಿ. ಬಣ್ಣ ಉದುರಿತ್ತು. ಬಾಗಿಲಿಗೆ ಹಗ್ಗ ಕಟ್ಟಿತ್ತು. ಆದರೆ ದನಿ? ದನಿ ಮಾತ್ರ ಗುಡುಗು!

ಗುಡು ಗುಡು ಗುಡು ಡರ್ರ್!

ಆ ದನಿ ಕೇಳಿದರೆ ಊರ ನಾಯಿಗಳೆಲ್ಲ ಬಾಲ ಮಡಚುತ್ತಿದ್ದವು. ಅದಕ್ಕೇ ಅವಳ ಹೆಸರು ಗುಡುಗವ್ವ.

ಗುಡುಗವ್ವನ ಡ್ರೈವರ್ ಮೌಲಾಸಾಬ. ದೊಡ್ಡ ಮೀಸೆ. ದೊಡ್ಡ ಹೊಟ್ಟೆ. ತಲೆಗೆ ಮಂಕಿ ಟೋಪಿ. ಮನಸ್ಸು ಬೆಣ್ಣೆ.

ಎಳ್ಳಮಾಸಿ ಬಂತು. ಎಳ್ಳಮಾಸಿ ಅಂದರೆ ಚಳಿಗಾಲದ ಹಬ್ಬ. ಹೊಲದಲ್ಲಿ ಜೋಳ ಹಸಿರಾಗಿ ನಿಂತಿರುತ್ತೆ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಸೂರ್ಯ ನೆತ್ತಿಗೆ ಬರುವುದರೊಳಗೆ ಮೊದಲ ತುತ್ತು ಹೊಲಕ್ಕೆ ಚೆಲ್ಲಬೇಕು. ಅದಕ್ಕೆ ಚರಗ ಅಂತಾರೆ. ಹೊಲದ ತಾಯಿ ಉಣ್ಣಬೇಕು. ಆಮೇಲೆ ನಾವು ಉಣ್ಣಬೇಕು.

ಆ ಊರಲ್ಲಿ ಸಾತವ್ವ ಆಯಿ ಇದ್ದಳು. ಆಯಿ ಅಂದರೆ ಅಜ್ಜಿ. ಆಯಿಗೆ ಕಾಲು ನೋವು. ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳ ಹೊಲ ದೂರ, ಹಳ್ಳದ ಆಚೆ. ಹೋದ ವರ್ಷ ಹೋಗಲಿಕ್ಕೆ ಆಗಲಿಲ್ಲ. ಬಾಗಿಲಲ್ಲಿ ಕೂತು ಅತ್ತಳು. "ನನ್ನ ಹೊಲ ಉಪಾಸ ಕೂತದ" ಅಂತ ಅತ್ತಳು.

ಮೌಲಾಸಾಬನಿಗೆ ತಡೆಯಲಿಲ್ಲ.

"ಆಯಿ, ಈ ಸಲ ನಾ ಕರಕೊಂಡು ಹೋಗ್ತೀನಿ. ಗುಡುಗವ್ವ ಅದಾಳಲ್ಲ!" ಅಂದ.

ಈಗ ಒಂದು ಗುಟ್ಟು ಹೇಳುತ್ತೇನೆ. ಗುಡುಗವ್ವ ದಿನಾ ಮಲಗುತ್ತಿದ್ದುದು ಹನುಮಪ್ಪನ ಗುಡಿಯ ಇಳಿಜಾರಿನಲ್ಲಿ. ಮೂಗು ಕೆಳಗೆ. ಬೆನ್ನು ಮೇಲೆ. ಬೆಳಿಗ್ಗೆ ಗಾಲಿಯ ಕಲ್ಲು ತೆಗೆದರೆ ಸಾಕು. ಜರ್ರನೆ ಉರುಳುತ್ತಿದ್ದಳು. ಉರುಳುತ್ತಾ ಉರುಳುತ್ತಾ ಗುಡುಗುತ್ತಿದ್ದಳು. ಎಂಥ ಚಳಿ ಇರಲಿ, ಗುಡುಗೇ ಗುಡುಗುತ್ತಿದ್ದಳು.

ಹಬ್ಬದ ಹಿಂದಿನ ದಿನ ಮೌಲಾಸಾಬ ಏನು ಮಾಡಿದ? ಆಯಿಗೆ ಇಳಿಜಾರಿನ ತನಕ ನಡೆಯೋದು ತ್ರಾಸ ಅಂತ, ಗುಡುಗವ್ವನನ್ನು ಆಯಿಯ ಬಾಗಿಲ ಮುಂದೆ ನಿಲ್ಲಿಸಿದ. ಅಲ್ಲಿ ನೆಲ ಸಪಾಟು. ರೊಟ್ಟಿಯಷ್ಟು ಸಪಾಟು. ಸೀಟಿನ ಸ್ಪ್ರಿಂಗ್ ಆಯಿಗೆ ಚುಚ್ಚಬಾರದು ಅಂತ, ಸೀಟಿನ ಮೇಲೆ ಏನೋ ಒಂದು ಇಟ್ಟ. ಅದರ ಮೇಲೆ ಚಾದರ ಹಾಸಿದ. ಏನು ಇಟ್ಟ? ಈಗ ಹೇಳಲ್ಲ!

ಬೆಳಗಾಯಿತು. ಚಳಿ ಅಂದರೆ ಚಳಿ! ಬಾಯಿ ತೆರೆದರೆ ಹೊಗೆ. ಕೊಡದ ನೀರು ಮುಟ್ಟಿದರೆ ಕೈ ಜುಂ.

ಆಯಿ ಬುಟ್ಟಿ ಹಿಡಿದು ಬಂದಳು. ಮೌಲಾಸಾಬ ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದ. ಕೀಲಿ ತಿರುವಿದ.

ಟಿಕ್.

ಇನ್ನೊಮ್ಮೆ ತಿರುವಿದ.

ಟಿಕ್.

ಗುಡು ಇಲ್ಲ. ಡರ್ರ್ ಇಲ್ಲ. ಗುಡುಗವ್ವನ ದನಿ ಕಳೆದುಹೋಗಿತ್ತು!

"ಮೌಲ್ಯಾ, ದನಿ ಎಲ್ಲಿ?" ಅಂದಳು ಆಯಿ.

"ಥಂಡಿಗಿ ಹೋಗ್ಯಾದ ಆಯಿ."

"ಹುಡುಕಿ ತಾ. ನಾ ಇಳಿಯಂಗಿಲ್ಲ."

ಮೌಲಾಸಾಬ ಇಳಿದು ಹಿಂದಿನಿಂದ ತಳ್ಳಿದ. ಒಬ್ಬನೇ ತಳ್ಳಿದ. ಗುಡುಗವ್ವ ಅಲುಗಲಿಲ್ಲ. ಮೌಲಾಸಾಬನ ಹೊಟ್ಟೆ ಅಲುಗಿತು, ಅಷ್ಟೇ.

ಥಂಡಿ ಹಿಡಿದ ಇಂಜಿನ್ನಿಗೆ ಏನು ಬೇಕು? ಬಿಸಿನೀರು ಬೇಕು. ಒಳಗಿನ ತಣ್ಣೀರು ಬಸಿಯಬೇಕು. ಬಿಸಿನೀರು ಹೊಯ್ಯಬೇಕು. ಮೌಲಾಸಾಬ ಡಬ್ಬಿ ಹಿಡಿದು ಹೊರಟ.

ಹೋದ ಹೋದ ಹೋದ. ನೀಲಕ್ಕನ ಮನೆಗೆ ಹೋದ. ಊರಿಗೆಲ್ಲ ದೊಡ್ಡ ಹಂಡೆ ನೀಲಕ್ಕನದು.

"ನೀಲಕ್ಕ ನೀಲಕ್ಕ, ನೀರು ಕಾಸು.
ಬಿಸಿನೀರು ಗುಡುಗವ್ವಗ. ಗುಡುಗವ್ವ ಗುಡುಗ್ತಾಳ.
ಆಯಿ ಹೊಲಕ್ಕ ಹೋಗ್ತಾಳ!"

"ಕಾಸಂಗಿಲ್ಲ ಮೌಲಣ್ಣ" ಅಂದಳು ನೀಲಕ್ಕ. "ಹಂಡೆ ಅದ. ನೀರು ಅದ. ಒಲಿ ಅದ. ಕಟಿಗಿ ಇಲ್ಲ. ತೊಗರಿ ಕಟಿಗಿ ರಾಶಿ ಮ್ಯಾಲ ಬಸವ ಮಲಗ್ಯಾನ. ಹೋಗು, ಬಸವನ ಕೇಳು."

ಹೋದ ಹೋದ ಹೋದ. ನೀಲಕ್ಕನ ಹಿತ್ತಲಿಗೆ ಹೋದ. ತೊಗರಿ ಕಟಿಗೆ ರಾಶಿಯ ಮೇಲೆ ಬಸವ ಮಲಗಿದ್ದ. ಬಸವ ಅಂದರೆ ದೇವರಿಗೆ ಬಿಟ್ಟ ಗೂಳಿ. ಯಾರ ಮನೆಯವನೂ ಅಲ್ಲ, ಎಲ್ಲರ ಮನೆಯವನು. ಅವನಿಗೆ ಹೊಡೆಯುವಂತಿಲ್ಲ. ಬೈಯುವಂತಿಲ್ಲ. ಕೈ ಮುಗಿದು ಕೇಳಬೇಕು. ಮೌಲಾಸಾಬ ಕೈ ಮುಗಿದ.

"ಬಸವ ಬಸವ, ಎದ್ದು ಬಿಡು.
ಕಟಿಗಿ ನೀಲಕ್ಕಗ. ನೀಲಕ್ಕ ನೀರು ಕಾಸ್ತಾಳ.
ಬಿಸಿನೀರು ಗುಡುಗವ್ವಗ. ಗುಡುಗವ್ವ ಗುಡುಗ್ತಾಳ.
ಆಯಿ ಹೊಲಕ್ಕ ಹೋಗ್ತಾಳ!"

"ಏಳಂಗಿಲ್ಲ" ಅಂದ ಬಸವ. "ಎದ್ದರ ಹೊಟ್ಟಿಗಿ ಥಂಡಿ ಹತ್ತತದ. ಬೆನ್ನಿಗಿ ಥಂಡಿ ಹತ್ತತದ. ಕಂಬಳಿ ಹೊಚ್ಚು, ಏಳ್ತೀನಿ. ಹೋಗು, ಮಾಳಪ್ಪನ ಕೇಳು."

ಗೂಳಿ ಮಾತಾಡುತ್ತಾ ಅಂತ ಕೇಳಬೇಡಿ. ಚಳಿ ಹತ್ತಿದರೆ ಎಲ್ಲರೂ ಮಾತಾಡುತ್ತಾರೆ.

ಹೋದ ಹೋದ ಹೋದ. ಕಂಬಳಿ ನೇಯುವ ಮಾಳಪ್ಪನ ಹತ್ತಿರ ಹೋದ. ಮಾಳಪ್ಪ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ.

"ಮಾಳಪ್ಪ ಮಾಳಪ್ಪ, ಕಂಬಳಿ ಕೊಡು.
ಕಂಬಳಿ ಬಸವಗ. ಬಸವ ಎದ್ದು ಬಿಡ್ತಾನ.
ಕಟಿಗಿ ನೀಲಕ್ಕಗ. ನೀಲಕ್ಕ ನೀರು ಕಾಸ್ತಾಳ.
ಬಿಸಿನೀರು ಗುಡುಗವ್ವಗ. ಗುಡುಗವ್ವ ಗುಡುಗ್ತಾಳ.
ಆಯಿ ಹೊಲಕ್ಕ ಹೋಗ್ತಾಳ!"

"ಕೊಡಂಗಿಲ್ಲ" ಅಂದ ಮಾಳಪ್ಪ. "ಕಂಬಳಿ ನೇದಾಗ್ಯಾದ. ಅಂಚು ಹೊಲಿಯೋದು ಉಳಿದದ. ನನ್ನ ಬೆರಳು ನೋಡು, ಸೆಟದು ನಿಂತಾವ. ಸೂಜಿ ಹ್ಯಾಂಗ ಹಿಡೀಲಿ? ಅಂಚಿಲ್ಲದ ಕಂಬಳಿ ಬಸವಗ ಹೊಚ್ಚಿದರ ಊರು ನನಗ ನಗತದ. ಬಿಸಿ ಚಹಾ ತಾ, ಬೆರಳು ಸಡಲತಾವ. ಹೋಗು, ಸುಂದ್ರಾಬಾಯಿನ ಕೇಳು."

ಮೌಲಾಸಾಬ ಗುಡುಗವ್ವನ ಮುಂದೆಯೇ ಹಾದು ಹೋದ. ಆಯಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ದನಿ ಸಿಕ್ತೇನೋ ಮೌಲ್ಯಾ?"

"ಸಿಗತದ ಆಯಿ, ಸಿಗತದ! ನೀ ಕೂಡು."

"ಕೂತೀನಿ. ಬಿಸಿಲು ಬೇವಿನ ಗಿಡಕ್ಕ ಬಂತು ನೋಡು. ಲಗೂ ತಾ."

ಹೋದ ಹೋದ ಹೋದ. ಸುಂದ್ರಾಬಾಯಿಯ ಚಹಾದಂಗಡಿಗೆ ಹೋದ.

"ಸುಂದ್ರಾಬಾಯಿ ಸುಂದ್ರಾಬಾಯಿ, ಚಹಾ ಮಾಡು.
ಚಹಾ ಮಾಳಪ್ಪಗ. ಮಾಳಪ್ಪ ಕಂಬಳಿ ಕೊಡ್ತಾನ.
ಕಂಬಳಿ ಬಸವಗ. ಬಸವ ಎದ್ದು ಬಿಡ್ತಾನ.
ಕಟಿಗಿ ನೀಲಕ್ಕಗ. ನೀಲಕ್ಕ ನೀರು ಕಾಸ್ತಾಳ.
ಬಿಸಿನೀರು ಗುಡುಗವ್ವಗ. ಗುಡುಗವ್ವ ಗುಡುಗ್ತಾಳ.
ಆಯಿ ಹೊಲಕ್ಕ ಹೋಗ್ತಾಳ!"

"ಮಾಡಂಗಿಲ್ಲ" ಅಂದಳು ಸುಂದ್ರಾಬಾಯಿ. "ಪುಡಿ ಅದ. ಸಕ್ರಿ ಅದ. ಹಾಲಿಲ್ಲ. ಹಬ್ಬದ ದಿನ ಕರೇ ಚಹಾ? ಛೀ! ಸುಂದ್ರಾಬಾಯಿ ಕೈಲಿ ಅದು ಆಗಂಗಿಲ್ಲ."

"ಹಂಗಾದರ ನಿನ್ನ ಸ್ಟೋವಿನ ಮ್ಯಾಲ ನನ್ನ ನೀರೇ ಕಾಸಿ ಕೊಡು" ಅಂದ ಮೌಲಾಸಾಬ. ಜಾಣ!

ಸುಂದ್ರಾಬಾಯಿ ನಕ್ಕಳೋ ನಕ್ಕಳು. "ನನ್ನ ಸ್ಟೋವ್ ಬೆಕ್ಕಿನಷ್ಟು. ನಿನ್ನ ಗುಡುಗವ್ವ ಆನಿಯಷ್ಟು. ಬೇಸಗಿ ತನಕ ಕಾಸಬೇಕು! ಹೋಗು, ಹಿಂದ ನನ್ನ ಎಮ್ಮಿ ಅದ. ಎಮ್ಮಿನ ಕೇಳು."

ಹೋದ ಹೋದ ಹೋದ. ಕೊಟ್ಟಿಗೆಗೆ ಹೋದ. ಎಮ್ಮೆ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು.

"ಎಮ್ಮಿ ಎಮ್ಮಿ, ಹಾಲು ಕೊಡು.
ಹಾಲು ಸುಂದ್ರಾಬಾಯಿಗಿ. ಸುಂದ್ರಾಬಾಯಿ ಚಹಾ ಮಾಡ್ತಾಳ.
ಚಹಾ ಮಾಳಪ್ಪಗ. ಮಾಳಪ್ಪ ಕಂಬಳಿ ಕೊಡ್ತಾನ.
ಕಂಬಳಿ ಬಸವಗ. ಬಸವ ಎದ್ದು ಬಿಡ್ತಾನ.
ಕಟಿಗಿ ನೀಲಕ್ಕಗ. ನೀಲಕ್ಕ ನೀರು ಕಾಸ್ತಾಳ.
ಬಿಸಿನೀರು ಗುಡುಗವ್ವಗ. ಗುಡುಗವ್ವ ಗುಡುಗ್ತಾಳ.
ಆಯಿ ಹೊಲಕ್ಕ ಹೋಗ್ತಾಳ!"

"ಕೊಡಂಗಿಲ್ಲ" ಅಂದಿತು ಎಮ್ಮೆ. ತಿರುಗಿ ಕೂಡ ನೋಡಲಿಲ್ಲ. "ಹೊಟ್ಟಿ ಖಾಲಿ, ಕೆಚ್ಚಲ ಖಾಲಿ. ಕಣಿಕಿ ತಾ, ಹಾಲು ಕೊಡ್ತೀನಿ."

ಕಣಿಕಿ ಅಂದರೆ ಜೋಳದ ಒಣ ದಂಟು. ಎಮ್ಮೆಗೆ ಅದೇ ಹೋಳಿಗೆ.

"ಸುಂದ್ರಾಬಾಯಿ, ಕಣಿಕಿ ಎಲ್ಲದ?" ಅಂತ ಮೌಲಾಸಾಬ ಕೂಗಿದ.

"ಮನ್ಯಾಗ ಮುಗದದ. ಊರಾಗ ಯಾರ ಮನ್ಯಾಗೂ ಇಲ್ಲ. ಬಣವಿ ಎಲ್ಲಾ ಹೊಲದಾಗ ಅದ. ಇವತ್ತು ಸಂಜೀಗಿ ಬರತದ."

"ಯಾರು ತರ್ತಾರ?"

"ಮತ್ಯಾರು? ನಿನ್ನ ಗುಡುಗವ್ವ!"

ಅಯ್ಯೋ! ಮೌಲಾಸಾಬ ಅಲ್ಲೇ ಕೂತುಬಿಟ್ಟ. ಮಂಕಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೆರಳು ಮಡಚಿದ.

"ಕಣಿಕಿ ಇಲ್ಲ, ಹಾಲಿಲ್ಲ.
ಹಾಲಿಲ್ಲ, ಚಹಾ ಇಲ್ಲ.
ಚಹಾ ಇಲ್ಲ, ಕಂಬಳಿ ಇಲ್ಲ.
ಕಂಬಳಿ ಇಲ್ಲ, ಬಸವ ಏಳಂಗಿಲ್ಲ.
ಬಸವ ಏಳಂಗಿಲ್ಲ, ಕಟಿಗಿ ಇಲ್ಲ.
ಕಟಿಗಿ ಇಲ್ಲ, ಬಿಸಿನೀರಿಲ್ಲ.
ಬಿಸಿನೀರಿಲ್ಲ, ಗುಡುಗವ್ವ ಗುಡಗಂಗಿಲ್ಲ.
ಗುಡುಗವ್ವ ಗುಡಗಂಗಿಲ್ಲ, ಕಣಿಕಿ ಇಲ್ಲ!"

ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂತು. ಎತ್ತ ಹೋದರೂ ಗೋಡೆ. ಮೌಲಾಸಾಬ ಎದ್ದ. ಮೆಲ್ಲಗೆ ನಡೆದ. ಬಿಸಿಲು ಬೇವಿನ ಗಿಡದ ಅರ್ಧಕ್ಕೆ ಇಳಿದಿತ್ತು. ಹೊತ್ತು ಮೀರುತ್ತಿತ್ತು. ಅವನು ಗುಡುಗವ್ವನ ಹತ್ತಿರ ಬಂದ. ಡಬ್ಬಿ ಕೆಳಗಿಟ್ಟ.

"ದನಿ ಸಿಕ್ತೇನೋ ಮೌಲ್ಯಾ?"

"ಇಲ್ಲ ಆಯಿ" ಅಂದ. ಅವನ ಮೀಸೆ ಜೋತುಬಿದ್ದಿತ್ತು. "ಸಿಗಲಿಲ್ಲ. ಇಳಿ ಆಯಿ."

ಆಯಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು. ಈ ವರ್ಷವೂ ಹೊಲ ಉಪವಾಸ. ಪಾಪ, ಆಯಿಗೆ ತುಂಬ ದುಃಖ ಆಯಿತು. ಕಣ್ಣು ಒರೆಸಿಕೊಂಡಳು. ಇಳಿಯಲಿಕ್ಕೆ ಅಂತ ಮೆಲ್ಲಗೆ ಸರಿದಳು.

ಚರಕ್!

"ಏನದು?" ಅಂದ ಮೌಲಾಸಾಬ.

ಆಯಿ ಇನ್ನೊಮ್ಮೆ ಸರಿದಳು.

ಚರಕ್ ಚರಕ್!

"ಮೌಲ್ಯಾ, ನನ್ನ ಬುಡಕ ಏನಿಟ್ಟೀಯೋ?"

ಮೌಲಾಸಾಬ ಚಾದರ ಎತ್ತಿದ. ಏನಿತ್ತು ಹೇಳಿ? ಏನಿತ್ತು?

ಕಣಿಕಿ! ದೊಡ್ಡ ಕಣಿಕಿ ಸಿವುಡು! ಸಿವುಡು ಅಂದರೆ ಕಟ್ಟು. ಆಯಿಗೆ ಸ್ಪ್ರಿಂಗ್ ಚುಚ್ಚಬಾರದು ಅಂತ ತಾನೇ ಇಟ್ಟಿದ್ದ. ತಾನೇ ಮರೆತಿದ್ದ. ಬೆಣ್ಣೆ ಕೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದ!

"ಆಯಿ, ಏಳು ಏಳು! ನೀ ಎದ್ದರ ಎಲ್ಲಾ ಏಳತದ!"

"ನಾ ಬೆಚ್ಚಗ ಕೂತಿದ್ದೆ" ಅಂತ ಗೊಣಗಿದಳು ಆಯಿ. ಗೊಣಗಿದಳು, ಆದರೂ ಎದ್ದಳು. ಬಾಗಿಲ ಹಗ್ಗ ಹಿಡಿದು ಎದ್ದು ನಿಂತಳು. "ತಗೋ. ಓಡು!"

ಮೌಲಾಸಾಬ ಕಣಿಕಿ ಹೊತ್ತು ಓಡಿದ. ಹೊಟ್ಟೆ ಮುಂದೆ, ಮೌಲಾಸಾಬ ಹಿಂದೆ.

ಕಣಿಕಿ ಎಮ್ಮೆಗೆ ಕೊಟ್ಟ. ಎಮ್ಮೆ ಈ ಕಡೆ ತಿರುಗಿತು. ಕರುಂ ಕರುಂ ತಿಂದಿತು. ಚೊರ್ ಚೊರ್ ಹಾಲು ಕೊಟ್ಟಿತು.

ಹಾಲು ಸುಂದ್ರಾಬಾಯಿಗೆ ಕೊಟ್ಟ. ಸುಂದ್ರಾಬಾಯಿ ಚಹಾ ಮಾಡಿದಳು. ಶುಂಠಿ ಜಜ್ಜಿ ಹಾಕಿದಳು. "ನಾನೂ ಬರ್ತೀನಿ, ದನಿ ಹ್ಯಾಂಗ ಬರತದ ನೋಡ್ತೀನಿ" ಅಂದಳು. ಮುಂದೆ ಮೌಲಾಸಾಬ. ಹಿಂದೆ ಸುಂದ್ರಾಬಾಯಿ.

ಚಹಾ ಮಾಳಪ್ಪನಿಗೆ ಕೊಟ್ಟರು. ಮಾಳಪ್ಪ ಸೊರ್ ಅಂತ ಕುಡಿದ. ಬೆರಳು ಸಡಿಲಾಯಿತು. ಸರ ಸರ ಅಂಚು ಹೊಲಿದ. ಕಂಬಳಿ ಕೊಟ್ಟ. "ನಾನೂ ಬರ್ತೀನಿ" ಅಂದ. ಮುಂದೆ ಮೌಲಾಸಾಬ. ಹಿಂದೆ ಸುಂದ್ರಾಬಾಯಿ. ಅವಳ ಹಿಂದೆ ಮಾಳಪ್ಪ.

ಕಂಬಳಿ ಬಸವನಿಗೆ ಹೊಚ್ಚಿದರು. ಬಸವ ಒಂದು ಸಲ ಕಂಬಳಿ ನೋಡಿದ. ಒಂದು ಸಲ ಅಂಚು ನೋಡಿದ. ಎದ್ದ! ಕಟಿಗೆ ಬಿಟ್ಟ. "ನಾನೂ ಬರ್ತೀನಿ" ಅಂದ. ದೇವರ ಬಸವ, ಬೇಡ ಅನ್ನುವವರು ಯಾರು?

ಕಟಿಗೆ ನೀಲಕ್ಕನಿಗೆ ಕೊಟ್ಟರು. ನೀಲಕ್ಕ ಒಲೆ ಹಚ್ಚಿದಳು. ತೊಗರಿ ಕಟಿಗೆ ಚಟ ಚಟ ಉರಿಯಿತು. ಹಂಡೆ ಗುಂಯ್ ಅಂದಿತು. ನೀರು ಕೊತ ಕೊತ ಕುದಿಯಿತು. "ನಾನೂ ಬರ್ತೀನಿ" ಅಂದಳು. ಮುಂದೆ ಮೌಲಾಸಾಬ. ಹಿಂದೆ ಸುಂದ್ರಾಬಾಯಿ. ಅವಳ ಹಿಂದೆ ಮಾಳಪ್ಪ. ಅವನ ಹಿಂದೆ ಬಸವ. ಬಸವನ ಹಿಂದೆ ನೀಲಕ್ಕ. ಎಲ್ಲರ ಕೈಯಲ್ಲೂ ಬಿಸಿನೀರಿನ ಕೊಡ. ಬಸವನಿಗೆ ಕೈಯಿಲ್ಲ, ಅವನು ಕಂಬಳಿ ಹೊತ್ತು ಬಂದ.

ಬಿಸಿನೀರು ಗುಡುಗವ್ವನಿಗೆ ಹೊಯ್ದರು. ಬುಳು ಬುಳು ಬುಳು. ಮೂತಿಯಿಂದ ಹಬೆ ಎದ್ದಿತು. ಮೌಲಾಸಾಬ ಹತ್ತಿ ಕೂತ. ಕೀಲಿ ತಿರುವಿದ.

ಟಿಕ್. ಗು...

"ಅರ್ಧ ದನಿ ಬಂತು!" ಅಂತ ಆಯಿ ಕೂಗಿದಳು. "ಇನ್ನರ್ಧ ಎಲ್ಲದ? ಏ, ಏನು ನೋಡಕೋತ ನಿಂತೀರಿ? ತಳ್ರಿ!"

ಸುಂದ್ರಾಬಾಯಿ ತಳ್ಳಿದಳು. ಮಾಳಪ್ಪ ತಳ್ಳಿದ. ನೀಲಕ್ಕ ತಳ್ಳಿದಳು. ಹೈಸಾ! ಗುಡುಗವ್ವ ಒಂಚೂರು ಅಲುಗಿದಳು.

ಟಿಕ್. ಗುಡು...

ಆಗ ಬಸವ ಮುಂದೆ ಬಂದ. ಕಂಬಳಿ ಸಮೇತ ಬಂದ. ಗುಡುಗವ್ವನ ಬೆನ್ನಿಗೆ ತನ್ನ ಹಣೆ ಕೊಟ್ಟ. ಹೈಸಾ!

ಗುಡುಗವ್ವ ಉರುಳಿದಳು. ಉರುಳಿದಳು, ಉರುಳಿದಳು...

ಗು... ಗುಡು... ಗುಡು ಗುಡು ಗುಡು ಡರ್ರ್!

ಬಂತು! ದನಿ ಬಂತು! ಊರ ನಾಯಿಗಳೆಲ್ಲ ಬಾಲ ಮಡಚಿದವು. ಎಲ್ಲರೂ ಬುಟ್ಟಿ ತಂದರು. ಎಲ್ಲರೂ ಹತ್ತಿದರು. ಆಯಿ ಮಾತ್ರ ಬರೀ ಸ್ಪ್ರಿಂಗಿನ ಮೇಲೆ ಕೂತಳು. ದಾರಿಯ ಗುಂಡಿ ಗುಂಡಿಗೂ ಆಯಿ ಮೇಲೆ ಹಾರಿದಳು, ಕೆಳಗೆ ಬಿದ್ದಳು. ಹಾರಿದಾಗಲೆಲ್ಲ ನಕ್ಕಳು.

ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ಆಯಿ ಹೊಲದಲ್ಲಿ ನಿಂತಳು. ಹಸಿರು ಜೋಳ ಅವಳ ಸೆರಗು ಮುಟ್ಟಿತು. ಬುಟ್ಟಿಯಿಂದ ಮೊದಲ ತುತ್ತು ತೆಗೆದು ಚೆಲ್ಲಿದಳು.

"ಉಣ್ಣು ನನ್ನವ್ವ" ಅಂದಳು. "ಹೋದ ವರ್ಷದ್ದೂ ಸೇರಿಸಿ ಉಣ್ಣು."

ಎರಡನೇ ತುತ್ತು ಗುಡುಗವ್ವನ ಗಾಲಿಯ ಹತ್ತಿರ ಇಟ್ಟಳು. ಮೂರನೇ ತುತ್ತು ಮೌಲಾಸಾಬನ ಬಾಯಿಗೆ ಇಟ್ಟಳು. ಬಸವನಿಗೂ ಕೊಡೋಣ ಅಂತ ತಿರುಗಿದರೆ, ಅವನು ನಡೆದೇ ಬಂದು ಆಗಲೇ ಜೋಳ ಮೇಯುತ್ತಿದ್ದ.

ಸಂಜೆ ಗುಡುಗವ್ವ ಬೆನ್ನ ತುಂಬ ಕಣಿಕಿ ಹೊತ್ತು ಊರಿಗೆ ಬಂದಳು. ಎಮ್ಮೆಗೆ ಕಣಿಕಿ ಸಿಕ್ಕಿತು. ಆಯಿಯ ಸೀಟಿಗೂ ಹೊಸ ಸಿವುಡು ಬಂತು.

"ಮೌಲ್ಯಾ, ನನ್ನ ಬಾಗಿಲ ಮುಂದ ನಿಲ್ಲಿಸಬ್ಯಾಡಪ್ಪ" ಅಂದಳು ಆಯಿ. "ಇಳಿಜಾರಿಗೇ ನಿಲ್ಲಿಸು. ನಾ ನಡಕೋತ ಹೋಗ್ತೀನಿ."

ಮೌಲಾಸಾಬ ಇಳಿಜಾರಿನಲ್ಲಿ ನಿಲ್ಲಿಸಿದ. ಮೂಗು ಕೆಳಗೆ. ಬೆನ್ನು ಮೇಲೆ. ಗಾಲಿಗೆ ಕಲ್ಲು. ಆಮೇಲೆ ಆಯಿಯ ಮುಂದೆ ಬಗ್ಗಿ ಕೂತ.

"ಹತ್ತು ಆಯಿ."

ಆಯಿ ಅವನ ಬೆನ್ನ ಮೇಲೆ ಹತ್ತಿದಳು. ಮಂಕಿ ಟೋಪಿ ಗಟ್ಟಿ ಹಿಡಿದುಕೊಂಡಳು. ಮೌಲಾಸಾಬ ಎದ್ದ. ಆದರೆ ಆಯಿ ಸುಮ್ಮನೆ ಕೂರುವವಳಾ? ಅವನ ತಲೆಯ ಮೇಲೆ ಬೆರಳಿಂದ ಕುಟ್ಟಿದಳು.

"ಏನೋ ಮೌಲ್ಯಾ, ದನಿ ಎಲ್ಲಿ?"

ಮೌಲಾಸಾಬ ಕೆನ್ನೆ ಉಬ್ಬಿಸಿದ.

"ಗುಡು ಗುಡು ಗುಡು ಡರ್ರ್!"

ಹಾಗೇ ಗುಡುಗುತ್ತಾ ಮನೆಯ ತನಕ ಹೋದ. ಊರ ನಾಯಿಗಳು ಬಾಲ ಮಡಚಲಿಲ್ಲ. ಬಾಲ ಅಲ್ಲಾಡಿಸುತ್ತಾ ಹಿಂದೆ ಹೋದವು. ಈಗ ನೀವೂ ಒಂದು ಸಲ ಗುಡುಗಿ. ಗುಡುಗಿ, ಕೌದಿ ಹೊದ್ದು ಮಲಗಿ.